ಮೆಥನಾಲೋ, ಅಮೋನಿಯಾವೋ? ಫ್ಯೂಯೆಲ್ ಸೆಲ್‌ಗೆ ಹೈಡ್ರೋಜನ್ ಒದಗಿಸುವ ಎರಡು ದಾರಿ

ಆಗುಂಬೆ ಕಡೆಯ ಯಾವುದೋ ಗುಡ್ಡದ ನೆತ್ತಿಯ ಮೇಲೊಂದು ಮೊಬೈಲ್ ಟವರ್ ಇದೆ ಎಂದುಕೊಳ್ಳಿ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಅಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ, ಸೋಲಾರ್ ಪ್ಯಾನೆಲ್ ನಂಬಿ ಕೂರುವಂತಿಲ್ಲ. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಸದ್ಯಕ್ಕೆ ಅಲ್ಲಿ ದುಡಿಯುತ್ತಿರುವುದು ಡೀಸೆಲ್ ಜನರೇಟರ್. ಅದನ್ನು ತೆಗೆದು ಫ್ಯೂಯೆಲ್ ಸೆಲ್, ಅಂದರೆ ಹೈಡ್ರೋಜನ್‌ಗೆ ಗಾಳಿಯ ಆಮ್ಲಜನಕ ಸೇರಿಸಿ ವಿದ್ಯುತ್ ಮಾಡುವ, ಪಠ್ಯಪುಸ್ತಕದ ಭಾಷೆಯಲ್ಲಿ ಇಂಧನ ಕೋಶ ಎನ್ನುವ ಪೆಟ್ಟಿಗೆ, ಕೂರಿಸಬೇಕೆಂದು ಹೊರಟವರಿಗೆ ಮೊದಲು ಎದುರಾಗುವ ತೊಡಕು ಸೆಲ್‌ನದಲ್ಲ, ಅದಕ್ಕೆ ಉಣಿಸುವ ಹೈಡ್ರೋಜನ್‌ನದು.

ಟವರ್‌ನ ಲೋಡ್ 2 ಕಿಲೋವಾಟ್, ಕರೆಂಟ್ ಇಲ್ಲದ ಹೊತ್ತು ಎಂಟು ಗಂಟೆ ಎಂದು ಹಿಡಿದರೆ ಬೇಕಾಗುವುದು 16 ಯೂನಿಟ್. ಒಂದು ಕಿಲೋ ಹೈಡ್ರೋಜನ್ ಒಳಗೆ ಸುಮಾರು 33 ಯೂನಿಟ್ ಶಕ್ತಿ ಇರುತ್ತದೆ, ಒಳ್ಳೆಯ ಫ್ಯೂಯೆಲ್ ಸೆಲ್ ಅದರಲ್ಲಿ ಅರ್ಧದಷ್ಟನ್ನು ವಿದ್ಯುತ್ ಮಾಡುತ್ತದೆ. ಅಲ್ಲಿಗೆ ಒಂದು ರಾತ್ರಿಗೆ ಒಂದು ಕಿಲೋ ಹೈಡ್ರೋಜನ್. ಮುಂದಿನ ಲೆಕ್ಕಕ್ಕೆಲ್ಲ ಈ ಒಂದು ಕಿಲೋವೇ ನಮ್ಮ ಸೇರು, ಪಾವು.

ಸಿಲಿಂಡರ್‌ನಲ್ಲೇ ತಂದರಾಗದೇ ಎಂದರೆ, ಮಾಮೂಲಿ ಉಕ್ಕಿನ ಸಿಲಿಂಡರ್‌ನಲ್ಲಿ 150 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು 150 ಪಟ್ಟು) ಒತ್ತಡದಲ್ಲಿ ಹಿಡಿಯುವುದು 600 ಗ್ರಾಂಗಿಂತ ಕಡಿಮೆ ಹೈಡ್ರೋಜನ್. ಸಿಲಿಂಡರ್‌ನ ತೂಕ 50 ಕಿಲೋ ದಾಟುತ್ತದೆ. ಒಂದು ರಾತ್ರಿಯ ಬಾಬತ್ತಿಗೆ ಎರಡು ಸಿಲಿಂಡರ್. ಗುಡ್ಡಕ್ಕೆ ಹೊರುವುದು ಹೈಡ್ರೋಜನ್ ಅಲ್ಲ, ಕಬ್ಬಿಣ! ಅದಕ್ಕೇ ಹೈಡ್ರೋಜನ್ನನ್ನು ಬೇರೊಂದು ದ್ರವದೊಳಗೆ ಅಡಗಿಸಿ ತಂದು, ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿನಲ್ಲಿ ಬಿಡಿಸಿಕೊಳ್ಳುವ ಉಪಾಯ. ಈ ಕೆಲಸಕ್ಕೆ ಹೆಚ್ಚು ಹೆಸರು ಕೇಳಿಬರುವ ದ್ರವಗಳು ಮೆಥನಾಲ್ ಮತ್ತು ಅಮೋನಿಯಾ.

ಕಾಗದದ ಮೇಲೆ ಅವಳಿ ಜವಳಿ

ಇವೆರಡನ್ನು ಹೋಲಿಸುವ ಬರಹಗಳು ಸಾಮಾನ್ಯವಾಗಿ ಒಂದೇ ಅಂಕಿಯಿಂದ ಶುರುವಾಗುತ್ತವೆ: ಅಮೋನಿಯಾದ ತೂಕದಲ್ಲಿ ಶೇ 17.6ರಷ್ಟು ಹೈಡ್ರೋಜನ್, ಮೆಥನಾಲ್‌ನಲ್ಲಿ ಶೇ 12.6. ಅಮೋನಿಯಾ ಗೆದ್ದಿತು, ಮುಂದಿನ ವಿಷಯಕ್ಕೆ ಹೋಗೋಣ ಎಂಬಂತೆ. ಆದರೆ ಈ ಅಂಕಿ ಅರ್ಧ ಕಥೆ ಮಾತ್ರ.

ಮೆಥನಾಲ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದರ ಆವಿಗೆ ನೀರಿನ ಆವಿ ಬೆರೆಸಿ ತಾಮ್ರ–ಸತುವಿನ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಮೇಲೆ ಹಾಯಿಸುತ್ತಾರೆ. ಒಂದು ಅಣು ಮೆಥನಾಲ್, ಒಂದು ಅಣು ನೀರು ಸೇರಿ ಮೂರು ಅಣು ಹೈಡ್ರೋಜನ್, ಒಂದು ಅಣು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮೂರರಲ್ಲಿ ಒಂದು ಹೈಡ್ರೋಜನ್ ನೀರಿನ ಕೊಡುಗೆ ಎಂಬುದನ್ನು ಮರೆಯಬಾರದು. ಈ ಪೆಟ್ಟಿಗೆಗೆ ರಿಫಾರ್ಮರ್ ಎಂದು ಹೆಸರು. ಅಮೋನಿಯಾಕ್ಕೆ ಯಾರ ಜೊತೆಯೂ ಬೇಡ. ಬಿಸಿ ಕ್ಯಾಟಲಿಸ್ಟ್ ಮೇಲೆ ಎರಡು ಅಣು ಒಡೆದು ಮೂರು ಅಣು ಹೈಡ್ರೋಜನ್, ಒಂದು ಅಣು ಸಾರಜನಕ ಆಗುತ್ತದೆ. ಈ ಪೆಟ್ಟಿಗೆಯನ್ನು ಕ್ರ್ಯಾಕರ್ ಎನ್ನುತ್ತಾರೆ.

ನಮ್ಮ ಒಂದು ಕಿಲೋಗೆ ಲೆಕ್ಕ ಹಾಕೋಣ. ಮೆಥನಾಲ್ ದಾರಿಯಲ್ಲಿ 5.3 ಕಿಲೋ ಮೆಥನಾಲ್, 3 ಕಿಲೋ ನೀರು ಬೇಕು. ಎರಡೂ ಬೆರೆತರೆ ಒಂಬತ್ತು ಲೀಟರ್ ಚಿಲ್ಲರೆ. ಅಮೋನಿಯಾ ದಾರಿಯಲ್ಲಿ 5.6 ಕಿಲೋ ಅಮೋನಿಯಾ. ಒತ್ತಡದಲ್ಲಿ ದ್ರವವಾಗಿಟ್ಟ ಅಮೋನಿಯಾ ನೀರಿಗಿಂತ ಬಹಳ ಹಗುರ, ಲೀಟರಿಗೆ ಸುಮಾರು 610 ಗ್ರಾಂ. ಹಾಗಾಗಿ ಅದೂ ಒಂಬತ್ತು ಲೀಟರ್ ಚಿಲ್ಲರೆ! ತೂಕದಲ್ಲಿ ಅಮೋನಿಯಾಕ್ಕೆ ಎರಡೂಮುಕ್ಕಾಲು ಕಿಲೋ ಉಳಿತಾಯ ಆದಂತೆ ಕಂಡರೂ ಆ ಉಳಿತಾಯವನ್ನು ಅದರ ಸಿಲಿಂಡರ್ ನುಂಗಿಹಾಕುತ್ತದೆ. ಮೆಥನಾಲ್‌ಗೆ ಪ್ಲಾಸ್ಟಿಕ್ ಡ್ರಮ್ ಸಾಕು.

ಬಿಸಿಯ ಲೆಕ್ಕದಲ್ಲೂ ಇದೇ ತಮಾಷೆ. ಎರಡೂ ಕ್ರಿಯೆಗಳು ಶಾಖ ಬೇಡುವಂಥವು. ಆವಿಯಿಂದ ಆವಿಗೆ ಲೆಕ್ಕ ಹಾಕಿದರೆ ಒಂದು ಮೋಲ್ (ಸುಮಾರು 2 ಗ್ರಾಂ) ಹೈಡ್ರೋಜನ್‌ಗೆ ಮೆಥನಾಲ್ ಕೇಳುವುದು 16.5 ಕಿಲೋಜೂಲ್, ಅಮೋನಿಯಾ ಕೇಳುವುದು 30.6. ಮೆಥನಾಲ್‌ಗೆ ಅರ್ಧದಷ್ಟೇ ಸಾಕಲ್ಲ ಎಂದು ಹಿಗ್ಗುವ ಮೊದಲು, ನಾವು ಕ್ಯಾನ್‌ನಲ್ಲಿ ಹೊತ್ತು ತಂದದ್ದು ಆವಿಯನ್ನಲ್ಲ, ದ್ರವವನ್ನು ಎಂಬುದು ನೆನಪಿರಲಿ. ಮೆಥನಾಲ್, ನೀರು ಎರಡನ್ನೂ ಕುದಿಸುವ ಶಾಖವನ್ನು ಸೇರಿಸಿದರೆ 44 ಕಿಲೋಜೂಲ್. ಅಮೋನಿಯಾ ಆವಿಯಾಗುವ ಶಾಖ ಸೇರಿಸಿದರೆ ಅದೂ 44. ಒಂದು ಕಿಲೋ ಹೈಡ್ರೋಜನ್‌ಗೆ ಆರು ಯೂನಿಟ್‌ನಷ್ಟು ಶಾಖ, ಎರಡು ಕಡೆಗೂ ಸಮ.

ಹೊರಬರುವ ಅನಿಲವನ್ನಾದರೂ ನೋಡೋಣ ಎಂದರೆ, ಆದರ್ಶ ಲೆಕ್ಕದಲ್ಲಿ ನೀರಾವಿ ಬಿಟ್ಟು ಎರಡರಲ್ಲೂ ಶೇ 75 ಹೈಡ್ರೋಜನ್, ಶೇ 25 ಬೇರೆ ಅನಿಲ. ಒಂದರಲ್ಲಿ ಇಂಗಾಲದ ಡೈಆಕ್ಸೈಡ್, ಇನ್ನೊಂದರಲ್ಲಿ ಸಾರಜನಕ.

ಗಾತ್ರ ಸಮ, ಶಾಖ ಸಮ, ಹೈಡ್ರೋಜನ್ ಪಾಲು ಸಮ. ಹಾಗಾದರೆ ಆಯ್ಕೆ ಮಾಡುವುದು ಯಾವುದರ ಮೇಲೆ?

ಹಾಲಿಗೆ ಬಿದ್ದ ಹುಳಿ

ತಳದಲ್ಲಿ ಉಳಿಯುವ ಚೂರಿನ ಮೇಲೆ. ನನ್ನ ಮಟ್ಟಿಗೆ ಈ ಇಡೀ ಹೋಲಿಕೆಯ ತಿರುಳು ಇಷ್ಟೇ: ಹೈಡ್ರೋಜನ್ ಎಷ್ಟು ಬಂತು ಎಂದು ನೋಡಬೇಡಿ, ಅದರ ಜೊತೆ ನುಸುಳಿ ಬಂದದ್ದು ಏನು ಎಂದು ನೋಡಿ.

ಮೆಥನಾಲ್ ರಿಫಾರ್ಮರ್‌ನಿಂದ ನುಸುಳಿ ಬರುವುದು ಕಾರ್ಬನ್ ಮೊನಾಕ್ಸೈಡ್. ಎಷ್ಟೇ ಚೆನ್ನಾಗಿ ನಡೆಸಿದರೂ ಶೇ 1ರ ಆಸುಪಾಸು ಇದ್ದೇ ಇರುತ್ತದೆ. ಇಂದು ಕಾರು, ಬಸ್ಸುಗಳಲ್ಲಿ ಬಳಕೆಯಲ್ಲಿರುವ ಪೆಮ್ ಮಾದರಿಯ, ಅಂದರೆ ನಡುವೆ ಪ್ರೋಟಾನ್‌ಗಳನ್ನು ಮಾತ್ರ ದಾಟಿಸುವ ಪೊರೆ ಇರುವ, ಫ್ಯೂಯೆಲ್ ಸೆಲ್ 60ರಿಂದ 80 ಡಿಗ್ರಿಯಲ್ಲಿ ಕೆಲಸ ಮಾಡುವಂಥದ್ದು. ಆ ತಂಪಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಸೆಲ್‌ನ ಕ್ಯಾಟಲಿಸ್ಟ್ ಆದ ಪ್ಲಾಟಿನಂ ಮೇಲೆ ಹಕ್ಕು ಸ್ಥಾಪಿಸಿ ಕೂತರೆ ಏಳುವುದಿಲ್ಲ, ಹೈಡ್ರೋಜನ್‌ಗೆ ಜಾಗ ಬಿಡುವುದಿಲ್ಲ. ಸೆಲ್ ತಡೆದುಕೊಳ್ಳುವುದು 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಹತ್ತು ಪಾಲು, ಅದರ ಆಸುಪಾಸು. ವಾಹನಗಳ ಹೈಡ್ರೋಜನ್‌ಗಿರುವ ಅಂತರರಾಷ್ಟ್ರೀಯ ಮಾನದಂಡ ಇನ್ನೂ ಬಿಗಿ, 0.2 ಪಿಪಿಎಂ. ಶೇ 1 ಅಂದರೆ 10,000 ಪಿಪಿಎಂ. ಸಾವಿರ ಪಟ್ಟು ಇಳಿಸಬೇಕು.

ಇಳಿಸುವ ದಾರಿಗಳಿವೆ. ಸ್ವಲ್ಪವೇ ಗಾಳಿ ಬಿಟ್ಟು ಮೊನಾಕ್ಸೈಡನ್ನು ಮಾತ್ರ ಸುಡುವುದು ಒಂದು. ಹದ ತಪ್ಪಿದರೆ ಹೈಡ್ರೋಜನ್ನೂ ಸುಟ್ಟುಹೋಗುತ್ತದೆ. ಪಲ್ಲೇಡಿಯಂ ಪೊರೆಯ ಮೂಲಕ ಸೋಸುವುದು ಇನ್ನೊಂದು. ಹೈಡ್ರೋಜನ್ ಮಾತ್ರ ಆ ಪೊರೆಯನ್ನು ದಾಟಬಲ್ಲದು, ಬೇರೆಲ್ಲ ಈಚೆಗೇ ಉಳಿಯುತ್ತದೆ. ಕೆಲಸ ಅಚ್ಚುಕಟ್ಟು, ಬೆಲೆ ಮಾತ್ರ ಚಿನ್ನದ ಅಂಗಡಿಯದ್ದು.

ಮೂರನೆಯ ದಾರಿ ಸೋಸುವುದಲ್ಲ, ಸೆಲ್ಲನ್ನೇ ಬದಲಿಸುವುದು. ಫಾಸ್ಫಾರಿಕ್ ಆಮ್ಲ ಹೀರಿಸಿದ ಪೊರೆ ಇರುವ, 160–180 ಡಿಗ್ರಿಯಲ್ಲಿ ನಡೆಯುವ ಹೆಚ್ಚು ತಾಪದ ಪೆಮ್ ಸೆಲ್ ಇದೆ. ಆ ಬಿಸಿಗೆ ಮೊನಾಕ್ಸೈಡ್ ಪ್ಲಾಟಿನಂ ಮೇಲೆ ಅಂಟಿ ಕೂರಲಾರದು. ಶೇ 1ರಿಂದ 3ರಷ್ಟಿದ್ದರೂ ಸೆಲ್ ನಡೆಯುತ್ತದೆ. ಇನ್ನೂ ಒಂದು ಲಾಭವಿದೆ. ಮೆಥನಾಲ್ ದಾರಿಯ ಒಟ್ಟು ಶಾಖದಲ್ಲಿ ಸುಮಾರು ಶೇ 60 ಹೋಗುವುದು ದ್ರವವನ್ನು ಆವಿ ಮಾಡುವುದಕ್ಕೆ. ಸೆಲ್ ತಾನೇ 160 ಡಿಗ್ರಿಯಲ್ಲಿ ಶಾಖ ಚೆಲ್ಲುತ್ತಿರುವಾಗ ಆ ಕೆಲಸಕ್ಕೆ ಬೇರೆ ಒಲೆ ಹಚ್ಚಬೇಕಿಲ್ಲ. ಅಡುಗೆ ಮುಗಿದ ಒಲೆಯ ಕೆಂಡದಲ್ಲಿ ಬಚ್ಚಲ ನೀರು ಕಾಯಿಸಿದ ಹಾಗೆ. ಈ ಸೆಲ್‌ನ ದಕ್ಷತೆ ಸಾದಾ ಪೆಮ್‌ಗಿಂತ ತುಸು ಕಡಿಮೆ ಹೌದು, ಆದರೆ ಮೆಥನಾಲ್ ಜೊತೆಗಿನ ಈ ಜೋಡಿಗೆ ಜಾತಕ ಕೂಡಿಬರುತ್ತದೆ.

ಈಗ ಅಮೋನಿಯಾ ಕಡೆಗೆ. ಇಲ್ಲಿ ಇಂಗಾಲವೇ ಇಲ್ಲ, ಮೊನಾಕ್ಸೈಡ್‌ನ ಮಾತೇ ಇಲ್ಲ. ನುಸುಳಿ ಬರುವುದು ಒಡೆಯದೆ ಉಳಿದ ಅಮೋನಿಯಾ. ಪೆಮ್ ಸೆಲ್‌ನ ಪೊರೆ ಆಮ್ಲದ ಗುಣದ್ದು, ಅಮೋನಿಯಾ ಕ್ಷಾರ. ಪ್ರೋಟಾನ್‌ಗಳು ಓಡಾಡಬೇಕಾದ ದಾರಿಯಲ್ಲಿ ಅಮೋನಿಯಂ ಅಯಾನು ಹೋಗಿ ಕೂತು ಪೊರೆಯ ವಾಹಕತೆಯನ್ನೇ ಕೆಡಿಸುತ್ತದೆ. ವಾಹನದ ಮಾನದಂಡದಲ್ಲಿ ಇದಕ್ಕಿರುವ ಮಿತಿ 0.1 ಪಿಪಿಎಂ. ಮೊನಾಕ್ಸೈಡ್‌ಗೆ ಕೊಟ್ಟ ರಿಯಾಯಿತಿಯ ಅರ್ಧ.

ಇದನ್ನು ಕಣ್ಣಿಗೆ ಕಾಣುವಂತೆ ಹೇಳಬೇಕೆಂದರೆ: ಕ್ರ್ಯಾಕರ್‌ನ ಅನಿಲದಲ್ಲಿ 1,000 ಪಿಪಿಎಂ ಅಮೋನಿಯಾ ಉಳಿದಿದ್ದರೆ ನಮ್ಮ ಒಂದು ಕಿಲೋ ಹೈಡ್ರೋಜನ್ ಜೊತೆ 11 ಗ್ರಾಂ ಅಮೋನಿಯಾ ಬರುತ್ತದೆ. ಒಂದು ಮಳೆಗಾಲದಲ್ಲಿ ನೂರು ರಾತ್ರಿ ಕರೆಂಟ್ ಹೋದರೆ ಒಂದು ಕಿಲೋಗೂ ಮಿಕ್ಕಿ. ಅಷ್ಟನ್ನೂ ಹೀರಿಕೊಳ್ಳಲು ಜಿಯೊಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜ ತುಂಬಿದ ಫಿಲ್ಟರ್ ಬೇಕು. ಅದು ತುಂಬಿದ ಮೇಲೆ ಕಾಯಿಸಿ ಖಾಲಿ ಮಾಡಬೇಕು, ಇಲ್ಲವೇ ಹೊಸದು ಹಾಕಬೇಕು. ಜಡಿಮಳೆಯಲ್ಲಿ ಆ ಗುಡ್ಡ ಹತ್ತಿ ಫಿಲ್ಟರ್ ಬದಲಿಸುವವರು ಯಾರು? ಆಸ್ಟ್ರೇಲಿಯದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ 2018ರಲ್ಲಿ ವನೇಡಿಯಂ ಆಧಾರದ ಲೋಹದ ಪೊರೆಯಿಂದ ಸೋಸಿ, ಅಮೋನಿಯಾದಿಂದ ತೆಗೆದ ಹೈಡ್ರೋಜನ್‌ನಲ್ಲೇ ಟೊಯೋಟಾ ಮಿರಾಯ್, ಹ್ಯುಂಡೈ ನೆಕ್ಸೊ ಎಂಬ ಫ್ಯೂಯೆಲ್ ಸೆಲ್ ಕಾರುಗಳನ್ನು ಓಡಿಸಿ ತೋರಿಸಿತು. ಆಗದ ಕೆಲಸವೇನಲ್ಲ. ಆದರೆ ಕಾರಿಗೆ ಇಂಧನ ತುಂಬಿಸುವ ಪಂಪ್‌ನಂಥ ದೊಡ್ಡ ಜಾಗದಲ್ಲಿ ಒಪ್ಪುವುದು ಗುಡ್ಡದ ಮೇಲಿನ ತಗಡಿನ ಪೆಟ್ಟಿಗೆಗೆ ಒಪ್ಪುತ್ತದೆ ಎಂದೇನಿಲ್ಲ.

ಮೆಥನಾಲ್ ಜೊತೆ ಹೊಂದಿದ ಹೆಚ್ಚು ತಾಪದ ಪೆಮ್ ಇಲ್ಲೂ ನಡೆದೀತೇ? ನಡೆಯದು. ಫಾಸ್ಫಾರಿಕ್ ಆಮ್ಲಕ್ಕೆ ಅಮೋನಿಯಾ ಸೇರಿದರೆ ಅಮೋನಿಯಂ ಫಾಸ್ಫೇಟ್. ಗದ್ದೆಗೆ ಒಳ್ಳೆಯ ಗೊಬ್ಬರ, ಸೆಲ್‌ಗಲ್ಲ. ಅಮೋನಿಯಾಕ್ಕೆ ಒಗ್ಗುವುದು ಕ್ಷಾರೀಯ ಸೆಲ್. ಅಪೊಲೊ ನೌಕೆಗಳಿಗೆ ವಿದ್ಯುತ್ ಕೊಟ್ಟ ಜಾತಿ ಅದು. ಅದರೊಳಗಿರುವುದೇ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಹಾಗಾಗಿ ಚೂರುಪಾರು ಅಮೋನಿಯಾ ಉಳಿದಿದ್ದರೆ ಅದಕ್ಕೆ ತಲೆಬಿಸಿ ಇಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ಕಂಡರಾಗದು, ಮಾಮೂಲಿ ಗಾಳಿಯಲ್ಲಿರುವ 400 ಚಿಲ್ಲರೆ ಪಿಪಿಎಂ ಕೂಡ ಅದಕ್ಕೆ ಹೆಚ್ಚೇ. ಶೇ 25ರಷ್ಟು ಡೈಆಕ್ಸೈಡ್ ಹೊತ್ತು ಬರುವ ಮೆಥನಾಲ್ ಅನಿಲವನ್ನು ಇದರ ಹತ್ತಿರ ಸುಳಿಯಲೂ ಬಿಡುವಂತಿಲ್ಲ.

ಪೊರೆಯ ಬದಲು ಪಿಂಗಾಣಿಯ ಪದರ ಇರುವ, 700–800 ಡಿಗ್ರಿಯಲ್ಲಿ ನಡೆಯುವ ಸಾಲಿಡ್ ಆಕ್ಸೈಡ್ ಸೆಲ್ ಮಾತ್ರ ಎರಡಕ್ಕೂ ಬಾಗಿಲು ತೆರೆದಿಟ್ಟಿದೆ. ಮೊನಾಕ್ಸೈಡ್ ಅದಕ್ಕೆ ವಿಷವಲ್ಲ, ಊಟ. ಅಮೋನಿಯಾ ಅದರ ನಿಕೆಲ್ ಆನೋಡ್ (ಇಂಧನ ಬಂದು ತಾಗುವ ವಿದ್ಯುದ್ವಾರ) ಮೇಲೆ ತಾನೇ ಒಡೆಯುತ್ತದೆ, ಬೇರೆ ಕ್ರ್ಯಾಕರ್ ಇಲ್ಲದೆಯೂ ನಡೆದೀತು. ತೊಂದರೆ ಎಂದರೆ ತಣ್ಣಗಿರುವುದನ್ನು ಬಿಸಿ ಮಾಡಲು ಗಂಟೆಗಟ್ಟಲೆ ಬೇಕು, ಪದೇ ಪದೇ ಆರಿಸಿ ಹಚ್ಚಿದರೆ ಅದರ ಪಿಂಗಾಣಿ ಬಿರುಕು ಬಿಡುತ್ತದೆ. ಹಗಲು ರಾತ್ರಿ ಉರಿಯುವ ಕಡೆಗಾದರೆ ಸರಿ.

ಅಂದರೆ ಇಂಧನ ಮೊದಲು ಆರಿಸಿ ಸೆಲ್ ಆಮೇಲೆ ಹುಡುಕುವುದು ತಲೆಕೆಳಗಾದ ಕ್ರಮ. ಸೆಲ್ ಯಾವುದೆಂದು ಗೊತ್ತಾದರೆ ಇಂಧನದ ತೀರ್ಮಾನ ಮುಕ್ಕಾಲು ಪಾಲು ಆದಂತೆ.

ಶಾಖ ಎಷ್ಟು ಅನ್ನುವುದಲ್ಲ, ಎಷ್ಟು ಡಿಗ್ರಿ ಅನ್ನುವುದು

ಒಟ್ಟು ಶಾಖ ಸಮ ಎಂದೆ. ಆದರೆ ಮೆಥನಾಲ್‌ಗೆ 230–280 ಡಿಗ್ರಿ ಸಾಕು, ಹೋಳಿಗೆ ಕಾವಲಿಯ ಬಿಸಿಗಿಂತ ತುಸು ಹೆಚ್ಚು. ಅಮೋನಿಯಾ ಸಿದ್ಧಾಂತದ ಪ್ರಕಾರ 400 ಡಿಗ್ರಿಯಲ್ಲೇ ಶೇ 99ರಷ್ಟು ಒಡೆಯಬೇಕು, ಆದರೆ ಆ ಬಿಸಿಯಲ್ಲಿ ಅದರ ನಡಿಗೆ ಆಮೆಯದು. ನಿಕೆಲ್ ಕ್ಯಾಟಲಿಸ್ಟ್ ಆದರೆ 600ರಿಂದ 900 ಡಿಗ್ರಿ ಬೇಕು. ರುಥೇನಿಯಂ ಬಳಸಿದರೆ 400–500ಕ್ಕೆ ಇಳಿಸಬಹುದು, ಆದರೆ ಅದು ಪ್ಲಾಟಿನಂ ಬಳಗದ ಅಪರೂಪದ ಲೋಹ, ಬಹುಪಾಲು ದಕ್ಷಿಣ ಆಫ್ರಿಕದ ಗಣಿಗಳಿಂದ ಬರಬೇಕು. ಇದಕ್ಕೊಂದು ಬಾಲವೂ ಇದೆ: ಡಿಗ್ರಿ ಇಳಿಸಿದಷ್ಟೂ ಒಡೆಯದೆ ಉಳಿಯುವ ಅಮೋನಿಯಾ ಹೆಚ್ಚುತ್ತದೆ. ಹಿಂದಿನ ಭಾಗದ 11 ಗ್ರಾಂ ಲೆಕ್ಕ ಮತ್ತೆ ಬಂದು ಕೂರುತ್ತದೆ.

ಅಮೋನಿಯಾ ಕ್ರ್ಯಾಕರ್ ಹೊಸ ಯಂತ್ರವೇನಲ್ಲ. ಲೋಹಗಳನ್ನು ತುಕ್ಕು ಹಿಡಿಯದಂತೆ ಕಾಯಿಸಬೇಕಾದ ಹೀಟ್ ಟ್ರೀಟ್‌ಮೆಂಟ್ ಕುಲುಮೆಗಳಿಗೆ ದಶಕಗಳಿಂದ ಇದೇ ಅನಿಲ ಉಣಿಸುತ್ತಾರೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಅಮೋನಿಯಾ ಸಿಲಿಂಡರ್ ನೋಡಿ ಯಾರೂ ಬೆರಗಾಗುವುದಿಲ್ಲ. ಕುಲುಮೆಗೆ ಚೂರು ಅಮೋನಿಯಾ ಉಳಿದಿದ್ದರೆ ನಡೆಯುತ್ತದೆ, ಫ್ಯೂಯೆಲ್ ಸೆಲ್‌ಗೆ ನಡೆಯುವುದಿಲ್ಲ ಎಂಬುದೊಂದೇ ಅಂತರ. ಆ ಅಂತರವೇ ಎಲ್ಲ.

ವರ್ಕ್‌ಶಾಪ್‌ನವರಿಗೊಂದು ಕಿವಿಮಾತು. ಅಮೋನಿಯಾ ಲೈನಿಗೆ ಕೈಗೆ ಸಿಕ್ಕಿದ ಹಿತ್ತಾಳೆ ವಾಲ್ವ್ ಹಾಕಬೇಡಿ. ತಾಮ್ರ, ಹಿತ್ತಾಳೆ ಎರಡೂ ಅಮೋನಿಯಾಕ್ಕೆ ತುತ್ತಾಗಿ ಬಿರುಕು ಬಿಡುತ್ತವೆ. ಉಕ್ಕೇ ಆಗಬೇಕು, ಕ್ರ್ಯಾಕರ್ ಒಳಗಿನ ಬಿಸಿ ಭಾಗಕ್ಕೆ ಆ ಉಕ್ಕೂ ನಿಕೆಲ್ ಹೆಚ್ಚಿರುವ ಜಾತಿಯದ್ದೇ ಆಗಬೇಕು. ಮೆಥನಾಲ್ ಕಡೆ ಲೋಹದ ಗೋಳು ಕಡಿಮೆ, ಅಲ್ಯೂಮಿನಿಯಂ ಮತ್ತು ಕೆಲವು ಜಾತಿಯ ರಬ್ಬರ್ ಬಗ್ಗೆ ಎಚ್ಚರ ಇದ್ದರಾಯಿತು. ಅದರ ನಾಜೂಕು ಇರುವುದು ಕ್ಯಾಟಲಿಸ್ಟ್‌ನಲ್ಲಿ. 300 ಡಿಗ್ರಿ ದಾಟಿದರೆ ತಾಮ್ರದ ಕಣಗಳು ಒಂದಕ್ಕೊಂದು ಅಂಟಿ ಮಂಕಾಗುತ್ತವೆ, ಗಂಧಕ, ಕ್ಲೋರಿನ್ ತಗುಲಿದರೆ ಸಾಯುತ್ತವೆ, ಬಳಕೆಯಲ್ಲಿರುವ ಕ್ಯಾಟಲಿಸ್ಟ್‌ಗೆ ದಿಢೀರನೆ ಗಾಳಿ ಬಿಟ್ಟರೆ ತಾನಾಗಿ ಕಾದು ಕೆಂಡವಾಗುತ್ತದೆ. ಯಂತ್ರ ನಿಲ್ಲಿಸುವಾಗಿನ ಶಿಸ್ತು ನಡೆಸುವಾಗಿನ ಶಿಸ್ತಿಗಿಂತ ಮುಖ್ಯ.

ಶುರುವಾಗುವ ಹೊತ್ತಿನ ವಿಷಯದಲ್ಲಿ ಕಾರಿನ ಕಥೆಯೊಂದಿದೆ. ಡೈಮ್ಲರ್ ಕಂಪನಿ 1997ರಲ್ಲಿ ನೆಕಾರ್ 3 ಎಂಬ ಕಾರಿನೊಳಗೇ ಮೆಥನಾಲ್ ರಿಫಾರ್ಮರ್ ಕೂರಿಸಿತು. ಅದರ ತಮ್ಮ ನೆಕಾರ್ 5, 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ವಾಷಿಂಗ್ಟನ್‌ವರೆಗೆ 5 ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿತು. ಆದರೂ ಕಾರಿನವರು ಆ ದಾರಿ ಬಿಟ್ಟು 700 ಬಾರ್‌ನ ಹೈಡ್ರೋಜನ್ ಟ್ಯಾಂಕಿಗೆ ಹೊರಳಿದರು. ಬೆಳಗ್ಗೆ ಕೀಲಿ ತಿರುಗಿಸಿದವನು ರಿಫಾರ್ಮರ್ ಬಿಸಿಯಾಗಲಿ ಎಂದು ಕಾಯುವುದಿಲ್ಲ, ಆಕ್ಸಿಲರೇಟರ್ ಒತ್ತಿದ ಕ್ಷಣ ಮೊನಾಕ್ಸೈಡ್ ಏರುವುದನ್ನು ಸೆಲ್ ಸಹಿಸುವುದಿಲ್ಲ. ಟವರ್‌ಗೆ ಈ ಅವಸರವಿಲ್ಲ. ಅಲ್ಲಿ ಹೇಗೂ ಬ್ಯಾಟರಿ ಸಾಲು ಇರುತ್ತದೆ, ಮೊದಲ ಅರ್ಧ ಮುಕ್ಕಾಲು ಗಂಟೆ ಅದು ಹೊರುತ್ತದೆ, ಆಮೇಲೆ ಎಂಟು ಗಂಟೆ ಏರಿಳಿತವಿಲ್ಲದ ಲೋಡ್. ಕಾರಿನಲ್ಲಿ ಸೋತ ಯಂತ್ರ ಟವರ್‌ನಲ್ಲಿ ಗೆಲ್ಲಬಹುದು ಎಂಬುದಕ್ಕೆ ಭಾರತದಲ್ಲೇ ಉದಾಹರಣೆ ಇದೆ: 2014ರಲ್ಲಿ ರಿಲಯನ್ಸ್ ಜಿಯೊ ತನ್ನ ಟವರ್‌ಗಳಿಗಾಗಿ ಕೆನಡಾದ ಬಲ್ಲಾರ್ಡ್ ಕಂಪನಿಯಿಂದ ಮೆಥನಾಲ್ ಮೇಲೆ ನಡೆಯುವ 100 ಘಟಕಗಳಿಗೆ ಆರ್ಡರ್ ಕೊಟ್ಟಿತ್ತು.

ಅಮೋನಿಯಾ ಕ್ರ್ಯಾಕರ್ ಬಿಸಿಯಾಗುವುದು ಇನ್ನೂ ನಿಧಾನ. ಹಾಗಾಗಿ ಅದು ದೊಡ್ಡ, ಸದಾ ನಡೆಯುವ ಯಂತ್ರಗಳತ್ತ ವಾಲಿದೆ. ಅಮೆರಿಕದ ಅಮೋಜಿ ಕಂಪನಿ 1957ರ ಹಳೆಯ ಟಗ್ ದೋಣಿಯೊಂದಕ್ಕೆ ಕ್ರ್ಯಾಕರ್ ಮತ್ತು ಪೆಮ್ ಸೆಲ್ ಅಳವಡಿಸಿ 2024ರ ಸೆಪ್ಟೆಂಬರ್‌ನಲ್ಲಿ ಹಡ್ಸನ್ ನದಿಯ ಉಪನದಿಯೊಂದರಲ್ಲಿ ಓಡಿಸಿತು. ಟಗ್ ದೋಣಿಯಲ್ಲಿ ಜಾಗವಿದೆ, ನೋಡಿಕೊಳ್ಳಲು ಎಂಜಿನಿಯರ್ ಇದ್ದಾನೆ.

ಎರಡೂ ವಿಷವೇ, ಆದರೆ ಒಂದೇ ತರಹದ ವಿಷವಲ್ಲ

ಟವರ್‌ಗಳಲ್ಲಿ ಡೀಸೆಲ್ ಕದಿಯುವುದು ಹೊಸ ಸುದ್ದಿಯಲ್ಲ. ಡೀಸೆಲ್ ಕಳವಾದರೆ ಕಂಪನಿಗೆ ದುಡ್ಡಿನ ನಷ್ಟ. ಮೆಥನಾಲ್ ಕಳವಾದರೆ? ಅದು ನೋಡುವುದಕ್ಕೂ ವಾಸನೆಗೂ ಸಾರಾಯಿಯ ಹಾಗೇ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು, 2008ರ ಮೇನಲ್ಲಿ ಆನೇಕಲ್, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ಮತ್ತೆ ನೂರಕ್ಕೂ ಹೆಚ್ಚು. ಎರಡು ಸಲವೂ ಕೊಂದದ್ದು ಮೆಥನಾಲ್. ಎರಡು ಚಮಚದಷ್ಟು ಒಳಗೆ ಹೋದರೂ ಕಣ್ಣು ಹೋಗಬಹುದು. ಅದನ್ನು ಇಟ್ಟುಕೊಳ್ಳಲು, ಸಾಗಿಸಲು ಕಾಗದಪತ್ರದ ಕಾಟ ಇರುವುದು ಸುಮ್ಮನೆ ಅಲ್ಲ. ತಾಂತ್ರಿಕ ಹೋಲಿಕೆಗಳಲ್ಲಿ ಈ ಮಾತನ್ನು ಯಾರೂ ಬರೆಯುವುದಿಲ್ಲ, ಆದರೆ ನಮ್ಮ ಊರುಗಳಲ್ಲಿ ಇದು ಒಂದನೇ ನಂಬರಿನ ಪ್ರಶ್ನೆ. ಬೀಗ ಹಾಕಿದ, ನೆಲಕ್ಕೆ ಬೋಲ್ಟ್ ಮಾಡಿದ ಉಕ್ಕಿನ ಟ್ಯಾಂಕ್. ನೀರು ಮೊದಲೇ ಬೆರೆಸಿ, ಬಣ್ಣ ಹಾಕಿ, ಮೊಹರು ಮಾಡಿದ ಕ್ಯಾನ್. ಲೀಟರ್ ಲೀಟರಿಗೂ ಲೆಕ್ಕದ ಪುಸ್ತಕ. ಇಷ್ಟಕ್ಕೆ ತಯಾರಿಲ್ಲದವರು ಮೆಥನಾಲ್ ತರಬಾರದು. ಬಣ್ಣ ಹಾಕುವಾಗ ಅದು ಕ್ಯಾಟಲಿಸ್ಟ್‌ಗೆ ಒಗ್ಗುತ್ತದೆಯೇ ಎಂದು ತಯಾರಕರನ್ನು ಕೇಳಿಯೇ ಹಾಕಬೇಕು. ಇನ್ನೊಂದು ಅಪಾಯ ಬೆಂಕಿಯದು: ಮೆಥನಾಲ್ ಜ್ವಾಲೆ ಹಗಲು ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸಮಾಧಾನವೆಂದರೆ ಧಾರಾಳವಾಗಿ ನೀರು ಸುರಿದರೆ ಆರುತ್ತದೆ.

ಅಮೋನಿಯಾವನ್ನು ಕುಡಿಯಲು ಯಾರೂ ಕದಿಯುವುದಿಲ್ಲ. ಮಲ್ಪೆಯ ಐಸ್ ಪ್ಲಾಂಟ್‌ನಲ್ಲೋ ಕೋಲ್ಡ್ ಸ್ಟೋರೇಜ್‌ನಲ್ಲೋ ಕೆಲಸ ಮಾಡಿದವರನ್ನು ಕೇಳಿ, ಚೂರು ಸೋರಿದರೂ ಮೂಗು ಹೇಳಿಬಿಡುತ್ತದೆ. ಗಾಳಿಯಲ್ಲಿ ಕೆಲವೇ ಪಿಪಿಎಂ ಇದ್ದರೂ ವಾಸನೆ ಸಿಗುತ್ತದೆ, ಜೀವಕ್ಕೆ ತಕ್ಷಣದ ಅಪಾಯ ಎಂದು ಗುರುತು ಹಾಕಿರುವುದು 300 ಪಿಪಿಎಂಗೆ. ನಡುವೆ ಓಡಿಹೋಗಲು ಸಮಯವಿದೆ, ಎಚ್ಚರವಿದ್ದರೆ. ಆದರೆ ಮೆಥನಾಲ್ ಸೋರಿದರೆ ನೆಲಕ್ಕೆ ಹರಿಯುತ್ತದೆ, ಅಮೋನಿಯಾ ಸೋರಿದರೆ ಊರಿಗೆ ಹರಡುತ್ತದೆ. 2023ರ ಡಿಸೆಂಬರ್‌ನಲ್ಲಿ ಚೆನ್ನೈನ ಎಣ್ಣೂರಿನಲ್ಲಿ ಸಮುದ್ರದಡಿಯ ಪೈಪಿನಿಂದ ಅಮೋನಿಯಾ ಸೋರಿ ಜನ ನಡುರಾತ್ರಿ ಮನೆ ಬಿಟ್ಟು ಓಡಬೇಕಾಯಿತು. ಅಮೋನಿಯಾ ಅನಿಲ ಗಾಳಿಗಿಂತ ಹಗುರ ಎಂದು ಪುಸ್ತಕ ಹೇಳುತ್ತದೆ, ನಿಜ. ಆದರೆ ಒತ್ತಡದ ಸಿಲಿಂಡರ್‌ನಿಂದ ಚಿಮ್ಮಿದ್ದು ತಣ್ಣಗಿರುತ್ತದೆ, ಮಲೆನಾಡಿನ ತೇವದ ಗಾಳಿಯಲ್ಲಿ ಮಂಜಿನಂತೆ ನೆಲ ಹಿಡಿದು ಇಳಿಜಾರಿನಲ್ಲಿ ಸರಿಯುತ್ತದೆ. ನೀರು ಚಿಮುಕಿಸಿದರೆ ಕರಗುತ್ತದೆ, ಆದರೆ ಆ ನೀರು ಹಳ್ಳಕ್ಕೆ ಇಳಿದರೆ ಮೀನು ಸಾಯುತ್ತವೆ.

ಹೊಗೆ ಎಲ್ಲಿ, ದುಡ್ಡು ಎಷ್ಟು

ಅಮೋನಿಯಾಕ್ಕೆ ಹಸಿರು ಬಾವುಟ ಹಿಡಿಯುವವರು ಹೇಳುವ ಮಾತು: ಹೊರಬರುವುದು ಸಾರಜನಕ ಮಾತ್ರ. ಮೆಥನಾಲ್ ದಾರಿಯಲ್ಲಿ ಒಂದು ಕಿಲೋ ಹೈಡ್ರೋಜನ್‌ಗೆ 7.3 ಕಿಲೋ ಇಂಗಾಲದ ಡೈಆಕ್ಸೈಡ್ ಸ್ಥಳದಲ್ಲೇ ಹೊರಬೀಳುತ್ತದೆ. ಸರಿ. ಆದರೆ ಇಂದು ಮಾರುಕಟ್ಟೆಯಲ್ಲಿ ಸಿಗುವ ಅಮೋನಿಯಾದ ಬಹುಪಾಲು ನೈಸರ್ಗಿಕ ಅನಿಲ ಇಲ್ಲವೇ ಕಲ್ಲಿದ್ದಲಿನಿಂದ ಬಂದದ್ದು. ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲೂ ಮೊದಲು ನಾಫ್ತಾ ಎಂಬ ಪೆಟ್ರೋಲಿಯಂ ದ್ರವದಿಂದ, ಕೊಚ್ಚಿ–ಮಂಗಳೂರು ಪೈಪ್‌ಲೈನ್ ಬಂದ ಮೇಲೆ ನೈಸರ್ಗಿಕ ಅನಿಲದಿಂದ ತಯಾರಾಗುವುದು. ಒಂದು ಟನ್ ಅಂಥ ಅಮೋನಿಯಾ ಹಿಂದೆ ಸುಮಾರು ಎರಡು ಟನ್ ಡೈಆಕ್ಸೈಡ್ ಇರುತ್ತದೆ. ನಮ್ಮ 5.6 ಕಿಲೋಗೆ 11 ಕಿಲೋ. ಹೊಗೆ ನಿಂತಿಲ್ಲ, ಗುಡ್ಡದಿಂದ ಕರಾವಳಿಗೆ ಇಳಿದಿದೆ ಅಷ್ಟೆ. ಅದೇ ಹೈಡ್ರೋಜನ್ನನ್ನು ಒಮ್ಮೆ ಅಮೋನಿಯಾ ಮಾಡಿ ಮತ್ತೆ ಒಡೆಯುವುದು, ನೆಯ್ದ ಬಟ್ಟೆಯನ್ನು ಬಿಚ್ಚಿ ನೂಲು ಮಾರಿದ ಹಾಗೆ.

ಸೋಲಾರ್, ಗಾಳಿ ವಿದ್ಯುತ್ತಿನಿಂದ ಮಾಡಿದ ಹಸಿರು ಅಮೋನಿಯಾ ಬೇರೆ ಮಾತು. 2025ರಲ್ಲಿ ಗೊಬ್ಬರ ಕಾರ್ಖಾನೆಗಳಿಗಾಗಿ ಕೇಂದ್ರದ ಸೌರಶಕ್ತಿ ನಿಗಮ ಸೆಕಿ ನಡೆಸಿದ ಹರಾಜುಗಳಲ್ಲಿ ಕೆಜಿಗೆ 50ರಿಂದ 65 ರೂಪಾಯಿಯ ದರಗಳು ಬಂದವು. 55 ಎಂದು ಹಿಡಿದರೆ ನಮ್ಮ ಒಂದು ಕಿಲೋ ಹೈಡ್ರೋಜನ್‌ಗೆ 300 ಚಿಲ್ಲರೆ ರೂಪಾಯಿಯ ಅಮೋನಿಯಾ. ಸಾಗಣೆ, ಕ್ರ್ಯಾಕರ್, ಫಿಲ್ಟರ್ ಬೇರೆ. ಅದನ್ನು ಮಾಡಲು ಕಿಲೋಗೆ ಸುಮಾರು 10 ಯೂನಿಟ್, ಒಟ್ಟು 56 ಯೂನಿಟ್ ವಿದ್ಯುತ್ ಖರ್ಚಾಗಿರುತ್ತದೆ. ಕೊನೆಗೆ ಟವರ್‌ಗೆ ಸಿಕ್ಕಿದ್ದು 16. ಕಾಲು ಭಾಗದ ಆಸುಪಾಸು.

ಮೆಥನಾಲ್‌ನ ಸಗಟು ದರ ಕೆಜಿಗೆ 25ರಿಂದ 40 ರೂಪಾಯಿ ನಡುವೆ ಓಲಾಡುತ್ತ ಬಂದಿದೆ. ಆದರೆ ದೇಶಕ್ಕೆ ಬೇಕಾದದ್ದರಲ್ಲಿ ಬಹುಪಾಲು ಹಡಗಿನಲ್ಲಿ ಕೊಲ್ಲಿ ದೇಶಗಳ ಕಡೆಯಿಂದ ಬರುತ್ತದೆ, ಅಲ್ಲಿ ಗುಡುಗಿದರೆ ಇಲ್ಲಿ ದರ ನಡುಗುತ್ತದೆ. ಇಲ್ಲೇ ತಯಾರಿಸುವ ಪ್ರಯತ್ನಗಳು ನಡೆದಿವೆ, 2023ರಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್‌ಗಳಲ್ಲಿ ಡೀಸೆಲ್‌ಗೆ ಶೇ 15 ಮೆಥನಾಲ್ ಬೆರೆಸಿ ಓಡಿಸುವ ಪ್ರಯೋಗವೂ ಶುರುವಾಯಿತು. ಐಸ್‌ಲ್ಯಾಂಡ್‌ನಲ್ಲಿ ಭೂಶಾಖ ಸ್ಥಾವರದ ಡೈಆಕ್ಸೈಡನ್ನೇ ಹಿಡಿದು ಮೆಥನಾಲ್ ಮಾಡುವ ಘಟಕ 2012ರಲ್ಲೇ ಶುರುವಾಗಿತ್ತು, ಅಂಥದ್ದಾದರೆ 7.3 ಕಿಲೋದ ಪಾಪ ಅಲ್ಲಿಂದಲ್ಲಿಗೆ ಚುಕ್ತಾ. ಮಾಮೂಲಿ ಮೆಥನಾಲ್ ಹಾಕಿದರೂ ಟವರ್ ಬುಡದಲ್ಲಿ ಬೀಳುವ ಡೈಆಕ್ಸೈಡ್ ಡೀಸೆಲ್‌ಗಿಂತ ಕಡಿಮೆಯೇ: 16 ಯೂನಿಟ್‌ಗೆ ಸಣ್ಣ ಜನರೇಟರ್ ಐದು ಲೀಟರ್ ಡೀಸೆಲ್ ಕುಡಿದು 13 ಕಿಲೋ ಉಗುಳುತ್ತದೆ. ಮೆಥನಾಲ್ ತಯಾರಾಗುವಾಗಿನ ಹೊಗೆಯನ್ನೂ ಸೇರಿಸಿದರೆ ಈ ಅಂತರ ಬಹಳಷ್ಟು ಕರಗುತ್ತದೆ ಎಂಬುದನ್ನು ಮುಚ್ಚಿಡಬಾರದು.

ಯಾರಿಗೆ ಯಾವುದು

ನಮ್ಮ ಗುಡ್ಡದ ಟವರ್‌ಗೆ ನಾನು ಹಾಕುವುದು ಮೆಥನಾಲ್–ನೀರಿನ ಮಿಶ್ರಣ, ಹೆಚ್ಚು ತಾಪದ ಪೆಮ್ ಸೆಲ್, ಬೀಗದ ಟ್ಯಾಂಕ್. ಸೆಲ್‌ನ ದಕ್ಷತೆ ಕಡಿಮೆ, ಜೊತೆಗೆ ರಿಫಾರ್ಮರ್‌ನ ಒಲೆಗೂ ಪಾಲು ಹೋಗಬೇಕು. ಹಾಗಾಗಿ ಕಾಗದದ ಲೆಕ್ಕಕ್ಕಿಂತ ಕಾಲು ಭಾಗವಾದರೂ ಹೆಚ್ಚು ಇಂಧನ ಹಿಡಿದಿಡಬೇಕು. ಅಷ್ಟಾದರೂ ಒಂದು ರಾತ್ರಿಗೆ ಹನ್ನೆರಡು ಲೀಟರ್‌ನ ಒಂದು ಕ್ಯಾನ್, ಒಬ್ಬ ಹೊತ್ತು ಹತ್ತಬಹುದು. ಆದರೆ ಕರೆಂಟ್ ಹೋಗುವುದು ದಿನಕ್ಕೆ ಒಂದೆರಡು ಗಂಟೆ ಮಾತ್ರ ಎಂದಾದರೆ ಈ ಯಾವ ರಗಳೆಯೂ ಬೇಡ, ಇನ್ನೊಂದು ಸಾಲು ಲಿಥಿಯಂ ಬ್ಯಾಟರಿ ಜೋಡಿಸಿ.

ಕಾಡಿನೊಳಗಿನ ಕ್ಯಾಮೆರಾ, ಹವಾಮಾನ ಕೇಂದ್ರದಂಥ ಹತ್ತಾರು ವಾಟ್‌ನ ಕೆಲಸಕ್ಕೆ ರಿಫಾರ್ಮರ್ ಕೂಡ ಅತಿಯಾಯಿತು. ಮೆಥನಾಲನ್ನು ನೇರವಾಗಿ ಉಣ್ಣುವ ಸಣ್ಣ ಸೆಲ್‌ಗಳು ಸಿಗುತ್ತವೆ. ದಕ್ಷತೆ ಶೇ 20–30, ಆದರೆ ತಿಂಗಳುಗಟ್ಟಲೆ ಅದರ ಕಡೆ ತಲೆ ಹಾಕಬೇಕಿಲ್ಲ.

ಅಮೋನಿಯಾಕ್ಕೆ ಒಪ್ಪುವ ಮನೆ, ಅದು ಆಗಲೇ ಇರುವ ಮನೆ. ಗೊಬ್ಬರ ಕಾರ್ಖಾನೆ, ದೊಡ್ಡ ಶೀತಲಗೃಹ, ಬಂದರು, ಹಡಗು: ಇಲ್ಲಿ ಮೈನಸ್ 33 ಡಿಗ್ರಿಯ ಟ್ಯಾಂಕ್ ಇದೆ, ಮಾಸ್ಕ್ ಹಾಕಿ ವಾಲ್ವ್ ತಿರುಗಿಸಲು ಗೊತ್ತಿರುವ ಮಂದಿ ಇದ್ದಾರೆ, ದಿನಕ್ಕೆ ಟನ್‌ಗಟ್ಟಲೆ ಒಡೆಯುವುದಾದರೆ ಕ್ರ್ಯಾಕರ್ ತಣ್ಣಗಾಗುವ ಪ್ರಮೇಯವಿಲ್ಲ, ಸೋಸುವ ಘಟಕದ ಖರ್ಚೂ ಹಂಚಿಹೋಗುತ್ತದೆ. ಸೆಲ್ ಕ್ಷಾರೀಯದ್ದೋ ಸಾಲಿಡ್ ಆಕ್ಸೈಡೋ ಆದರೆ ಸೋಸುವ ಗೋಜೂ ಇಳಿಯುತ್ತದೆ. ಹೊರದೇಶದಿಂದ ಹಸಿರು ಶಕ್ತಿಯನ್ನು ಹಡಗಿನಲ್ಲಿ ತರುವ, ಇಲ್ಲಿಂದ ಕಳಿಸುವ ಮಟ್ಟದ ಮಾತಾದರೆ ಮೆಥನಾಲ್‌ಗೆ ಹಸಿರು ಇಂಗಾಲ ಹುಡುಕಬೇಕು, ಅಮೋನಿಯಾಕ್ಕೆ ಬೇಕಾದ ಸಾರಜನಕ ಗಾಳಿಯಲ್ಲೇ ಇದೆ. ಆ ಸ್ಪರ್ಧೆಯಲ್ಲಿ ನನ್ನ ವೋಟು ಅಮೋನಿಯಾಕ್ಕೆ.

ಮಾರಲು ಬಂದವರ ಬ್ರೋಷರ್‌ನಲ್ಲಿ ಹೈಡ್ರೋಜನ್ ಶೇ 99 ಚಿಲ್ಲರೆ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಅದನ್ನು ಪಕ್ಕಕ್ಕಿಟ್ಟು ಕೇಳಿ: ಉಳಿದದ್ದರಲ್ಲಿ ಮೊನಾಕ್ಸೈಡ್ ಅಥವಾ ಅಮೋನಿಯಾ ಎಷ್ಟು ಪಿಪಿಎಂ? ಅದು ಪೂರ್ತಿ ಲೋಡ್‌ನಲ್ಲಿ ಅಳೆದದ್ದೋ, ಕಾಲು ಲೋಡ್‌ನಲ್ಲೂ ಅಷ್ಟೇ ಇರುತ್ತದೋ? ಹೊಸ ಕ್ಯಾಟಲಿಸ್ಟ್‌ನದ್ದೋ, ಸಾವಿರ ಗಂಟೆ ಓಡಿದ ಮೇಲಿನದ್ದೋ? ತಣ್ಣಗಿದ್ದಾಗ ಶುರುಮಾಡಿದರೆ ಮೊದಲ ಹತ್ತು ನಿಮಿಷದ ಅನಿಲ ಎಲ್ಲಿಗೆ ಹೋಗುತ್ತದೆ, ಸೆಲ್‌ಗೋ ಒಲೆಗೋ?